ಜಾವಾ ಮತ್ತು ರೋಡ್‌ಕಿಂಗ್: ಸಂಗ್ರಹಕಾರನ ಲೆಕ್ಕಪತ್ರ

ಹಳೆಯ ವಾಹನಗಳ ಸಂಗ್ರಹವೆಂದರೆ ಅಮೆರಿಕದ ಹಣವಂತರ ಹವ್ಯಾಸ ಎಂಬ ಭಾವನೆ ವರ್ತಕ ವಲಯದಲ್ಲಿ ಬಹುಕಾಲದಿಂದ ಇದೆ. 1964ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಮಸ್ಟಾಂಗ್ ಮೇಲೋ, ಅದಕ್ಕೆ ಉತ್ತರವಾಗಿ 1966ರಲ್ಲಿ ಬಂದ ಷೆವರ್ಲೆ ಕ್ಯಾಮರೋ ಮೇಲೋ ಎಂಬ ವಾದ ಅಲ್ಲಿ ಇಂದಿಗೂ ಮುಗಿದಿಲ್ಲ. ಆದರೆ ಹಣ ಕೈಬದಲಾಗುವ ಹೊತ್ತಿಗೆ ಆ ವಾದವೆಲ್ಲ ಹಿಂದೆ ಸರಿದು, ಈ ಎಂಜಿನ್ ಈ ಗಾಡಿಯ ಜೊತೆಯಲ್ಲೇ ಕಾರ್ಖಾನೆಯಿಂದ ಹೊರಬಂದದ್ದೇ ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ. ಅದೇ ಪ್ರಶ್ನೆ ಈಗ ಮೈಸೂರು ಜಿಲ್ಲೆಯ ಹಳ್ಳಿಗಳ ಕೊಟ್ಟಿಗೆಗಳಿಗೂ ಬಂದಿದೆ. ಇಲ್ಲಿ ಹೋಲಿಕೆಗೆ ನಿಂತಿರುವುದು ಕಾರುಗಳಲ್ಲ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಎರಡು ಮೋಟಾರ್ ಸೈಕಲ್ಲುಗಳು: ಜಾವಾ 250 ಮತ್ತು ಯೆಜ್ಡಿ ರೋಡ್‌ಕಿಂಗ್.

ಖಾದಿಗೆ ಹೆಸರಾದ ತಗಡೂರಿನ ಒಂದು ವರ್ತಕ ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ರಾಗಿ, ಹುರುಳಿ, ಅವರೆಯ ವ್ಯಾಪಾರ ಮಾಡುತ್ತಿದ್ದ ತಂದೆ 1968ರಲ್ಲಿ ನೋಂದಣಿಯಾದ ಜಾವಾ ಒಂದನ್ನು ಬಿಟ್ಟು 2019ರಲ್ಲಿ ತೀರಿಕೊಂಡಿದ್ದಾರೆ. ಅಂಗಡಿ ನೋಡಿಕೊಳ್ಳುವ ಹಿರಿಯ ಮಗನಿಗೆ ಅದನ್ನು ಮಾರುವ ಮನಸ್ಸು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಕಿರಿಯವನಿಗೆ ಅಪ್ಪನ ಗಾಡಿ ಮನೆಯಿಂದ ಹೋಗಬಾರದೆಂಬ ಹಟ. ಆತ ಈಗಾಗಲೇ 1986ರ ರೋಡ್‌ಕಿಂಗ್ ಒಂದನ್ನು ಕೊಂಡು ಓಡಿಸುತ್ತಿದ್ದಾನೆ. ಬೆಂಗಳೂರಿನಿಂದ ಬಂದ ಗಿರಾಕಿಯೊಬ್ಬರು ಜಾವಾಕ್ಕೆ 2,25,000 ರೂಪಾಯಿಗಳನ್ನು ನಗದಾಗಿ ಎಣಿಸಿಕೊಟ್ಟು ಅಂದೇ ಟೆಂಪೋದಲ್ಲಿ ಸಾಗಿಸುವುದಾಗಿ ಹೇಳಿದ್ದಾರೆ. ಹೆಸರಿಲ್ಲದ ಉದಾಹರಣೆಯಾದರೂ ಇಂಥ ಸಂದರ್ಭ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ವರ್ತಕರಿಗೆ ಅಪರಿಚಿತವಲ್ಲ.

ಎರಡು ಗಾಡಿಗಳು, ಒಂದೇ ಮನೆ

ಜಾವಾ ಮೂಲತಃ ಚೆಕ್ ದೇಶದ್ದು. ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮತ್ತು ಆ ಸಂಸ್ಥೆಯ ಹೆಸರಿನ ಮೊದಲೆರಡು ಅಕ್ಷರಗಳನ್ನು ಜೋಡಿಸಿ ಈ ಹೆಸರಿಟ್ಟನು. ಮುಂಬಯಿಯಲ್ಲಿ ಈ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದ ಇರಾನಿ ಕುಟುಂಬದವರು, ಆಮದಿಗೆ ಕಡಿವಾಣ ಬಿದ್ದ ಮೇಲೆ ಇಲ್ಲಿಯೇ ತಯಾರಿಸಲು ನಿರ್ಧರಿಸಿದರು. ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹದಿಂದ ಮೈಸೂರು ಆ ಕಾರ್ಖಾನೆಯ ನೆಲೆಯಾಯಿತು; 1961ರಲ್ಲಿ ಉತ್ಪಾದನೆ ಆರಂಭವಾಯಿತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ವರ್ಷ ಜಾವಾ ಹೋಗಿ ಯೆಜ್ಡಿ ಬಂದಿತು. ಹೀಗಾಗಿ ಟ್ಯಾಂಕಿನ ಮೇಲೆ ಜಾವಾ ಎಂಬ ಮೂಲ ಲಾಂಛನವೂ 'ಎಂವೈ' ಅಕ್ಷರಗಳಿಂದ ತೊಡಗುವ ನೋಂದಣಿ ಫಲಕವೂ ಇರುವ ಗಾಡಿ ಒಂದು ರಾಜ್ಯದ ಹಳೆಯ ಹೆಸರನ್ನೂ ಒಂದು ಉದ್ಯಮದ ಹಳೆಯ ಹೆಸರನ್ನೂ ಒಟ್ಟಿಗೆ ಹೊತ್ತಿರುತ್ತದೆ. ಸಂಗ್ರಹಕಾರರು ಅದಕ್ಕೆ ಹೆಚ್ಚಿನ ಬೆಲೆ ಕೊಡುವುದು ಸುಮ್ಮನೆ ಅಲ್ಲ.

ತಾಂತ್ರಿಕವಾಗಿ ಎರಡೂ ಹತ್ತಿರದ ಸಂಬಂಧಿಗಳು. ಎರಡರಲ್ಲಿಯೂ ಸುಮಾರು 248.5 ಸಿ.ಸಿ.ಯ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್, ಎರಡು ಸೈಲೆನ್ಸರ್, ನಾಲ್ಕು ಗೇರು. ಎಡಗಡೆಯ ಒಂದೇ ಸನ್ನೆಯೇ ಕಿಕ್ಕರೂ ಹೌದು, ಗೇರೂ ಹೌದು. ಜಾವಾದ ಶಕ್ತಿ ಸುಮಾರು 12 ಅಶ್ವಶಕ್ತಿ. 1978ರಲ್ಲಿ ಬಂದ ರೋಡ್‌ಕಿಂಗಿನದು 16. ಜಾವಾಕ್ಕೆ 16 ಅಂಗುಲದ ಚಕ್ರಗಳು, ದುಂಡು ಮೈ, ಟ್ಯಾಂಕಿನ ಎರಡು ಬದಿಗೆ ಮೊಣಕಾಲು ಊರುವ ರಬ್ಬರು. ರೋಡ್‌ಕಿಂಗಿಗೆ 18 ಅಂಗುಲದ ಚಕ್ರಗಳು, ನೇರ ಮೈಕಟ್ಟು, ಹೆದ್ದಾರಿಯಲ್ಲಿ ದಮ್ಮು. ಹಳ್ಳಿಯ ಹಾದಿಯಲ್ಲಿ ಮೂಟೆ ಹೊರಲು ಜಾವಾ, ಊರಿನಿಂದ ಊರಿಗೆ ಓಡಲು ರೋಡ್‌ಕಿಂಗ್ ಎಂಬ ಹಳಬರ ಮಾತಿನಲ್ಲಿ ತಥ್ಯವಿದೆ.

1980ರ ದಶಕದ ಮಧ್ಯದಲ್ಲಿ ಜಪಾನೀ ಸಹಯೋಗದ 100 ಸಿ.ಸಿ. ಗಾಡಿಗಳು ಬಂದವು. ಇಂಧನ ಕಡಿಮೆ ಕುಡಿಯುವ ಅವುಗಳೆದುರು ಮೈಸೂರಿನ ಗಾಡಿಗಳು ಹಿಂದೆ ಬಿದ್ದವು; ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಮುಂದೆ ಕಂಪನಿ ಸಮಾಪನಕ್ಕೆ ಒಳಗಾಯಿತು. 'ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ' ಎಂದು ಜಾಹೀರಾತು ನೀಡುತ್ತಿದ್ದ ಕಂಪನಿಯೇ ಉಳಿಯಲಿಲ್ಲ, ಬೈಕ್ ಉಳಿಯಿತು. ಹೆಸರಿನ ಬೆಲೆಯಂತೂ ಕಂಪನಿಗಿಂತ ಹೆಚ್ಚು ಕಾಲ ಬಾಳಿತು: 2018ರ ನವೆಂಬರ್‌ನಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ, ಹೊಸ ಸಂಸ್ಥೆಯೊಂದರ ಮೂಲಕ ಮತ್ತೆ ಮಾರುಕಟ್ಟೆಗೆ ಬಂದವು. ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯದಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2022ರ ಡಿಸೆಂಬರ್‌ನಲ್ಲಿ ಸಮಾಪನದಲ್ಲಿರುವ ಹಳೆಯ ಕಂಪನಿಯ ಪರವಾಗಿ ತೀರ್ಪಿತ್ತಿತು. 2025ರ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಬಾಗಿಲು ಮುಚ್ಚಿದ ಉದ್ಯಮದ ಬರೀ ಹೆಸರಿಗಾಗಿ ಇಷ್ಟು ವರ್ಷ ಹೋರಾಟ ನಡೆದದ್ದು ಲೆಕ್ಕಪತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಆದರೆ ಅದು ಬೇರೆಯೇ ಲೇಖನದ ವಸ್ತು.

ಐವತ್ತು ವರ್ಷದ ಗೆರೆ

ಸಂಗ್ರಹಕಾರನ ದೃಷ್ಟಿಯಿಂದ ಎರಡರ ನಡುವಿನ ನಿಜವಾದ ಅಂತರ ಅಶ್ವಶಕ್ತಿಯಲ್ಲಿಲ್ಲ, ವಯಸ್ಸಿನಲ್ಲಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಸೇರಿಸಲಾದ 81ಎ ಮತ್ತು ಮುಂದಿನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ಪಾರಂಪರಿಕ, ಅಂದರೆ 'ವಿಂಟೇಜ್' ವಾಹನಗಳೆಂದು ನೋಂದಾಯಿಸಬಹುದು. 1973ಕ್ಕೆ ಮುನ್ನ ತಯಾರಾದ ಜಾವಾಗಳೆಲ್ಲ ಈ ಗೆರೆಯನ್ನು ದಾಟಿವೆ. 1978ರಲ್ಲಿ ಹುಟ್ಟಿದ ರೋಡ್‌ಕಿಂಗ್‌ಗಳಲ್ಲಿ ಒಂದೂ 2028ಕ್ಕೆ ಮೊದಲು ದಾಟಲಾರದು. ಉದಾಹರಣೆಯ ಕಿರಿಯ ಮಗನ 1986ರ ಗಾಡಿಗೆ 2036ರವರೆಗೆ ಕಾಯಬೇಕು.

ಹಾಗಾದರೆ ಜಾವಾವೇ ಲಾಭವೆಂದು ಅವಸರದಿಂದ ತೀರ್ಮಾನಿಸಬಾರದು. ಪಾರಂಪರಿಕ ನೋಂದಣಿ ಒಂದು ಗೌರವವಾದರೂ ಅದರ ಬೆನ್ನಿಗೆ ಒಂದು ನಿರ್ಬಂಧವಿದೆ. ಅಂಥ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥ ಉದ್ದೇಶಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ದಿನನಿತ್ಯದ ಓಡಾಟಕ್ಕಾಗಲಿ ವಾಣಿಜ್ಯ ಬಳಕೆಗಾಗಲಿ ಅವಕಾಶವಿಲ್ಲ. ಮೊದಲ ನೋಂದಣಿಗೆ 20,000 ರೂ., ಮರುನೋಂದಣಿಗೆ 5,000 ರೂ. ಶುಲ್ಕ. ಹೊಸದಾಗಿ ನೋಂದಣಿಯಾಗುವ ಗಾಡಿಗಳಿಗೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ಸರಣಿಯ ಸಂಖ್ಯೆ ದೊರೆಯುತ್ತದೆ. ಈಗಾಗಲೇ ನೋಂದಣಿಯಾಗಿರುವವು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ತಗಡೂರಿನ ಜಾವಾ ಪಾರಂಪರಿಕವಾದ ಮರುದಿನದಿಂದ ಅದರಲ್ಲಿ ನಂಜನಗೂಡಿನ ಸಂತೆಗೆ ಹೋಗುವಂತಿಲ್ಲ. ರೋಡ್‌ಕಿಂಗಿಗೆ ಈ ಗೌರವವೂ ಇಲ್ಲ, ಈ ಕಟ್ಟೂ ಇಲ್ಲ. ನೋಂದಣಿ ಮತ್ತು ವಿಮೆಗಳು ಚಾಲ್ತಿಯಲ್ಲಿದ್ದು ಹೊಗೆ ತಪಾಸಣೆಯ ಪತ್ರವಿದ್ದರೆ ಅದು ಬೇರೆ ಯಾವುದೇ ಬೈಕಿನಂತೆ ಓಡಾಡಬಹುದು.

ಇನ್ನೊಂದು ಷರತ್ತು ಹೆಚ್ಚು ಸೂಕ್ಷ್ಮವಾದದ್ದು. ವಾಹನ ತನ್ನ ಮೂಲ ಸ್ವರೂಪದಲ್ಲಿರಬೇಕು; ಷಾಸಿ, ಹೊರಮೈ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಜಾವಾದ ಚೌಕಟ್ಟಿನಲ್ಲಿ ನಂತರದ ಯೆಜ್ಡಿಯ ಎಂಜಿನ್ ಕೂರಿಸುವುದು ಕಷ್ಟವಲ್ಲ. ಬಿಡಿಭಾಗ ಸಿಗದ ಕಾಲದಲ್ಲಿ ಗ್ಯಾರೇಜಿನವರು ಗಾಡಿ ಓಡಲೆಂಬ ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡಿದ್ದುಂಟು. ಅಂದು ಅದು ದುರಸ್ತಿ, ಇಂದು ಅದು ನಷ್ಟ. ಉದಾಹರಣೆಯ ಜಾವಾದಲ್ಲಿಯೂ ಹೀಗೆಯೇ ಆಗಿದೆ ಎಂದಿಟ್ಟುಕೊಂಡರೆ, ಆರ್.ಸಿ. ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ ಒಂದು, ಎಂಜಿನ್‌ನ ಮೇಲೆ ಅಚ್ಚಾಗಿರುವುದು ಇನ್ನೊಂದು. ಆಗ ರಾಜ್ಯಮಟ್ಟದ ಸಮಿತಿಯ ಪರಿಶೀಲನೆಯಲ್ಲಿ ಪಾರಂಪರಿಕ ಸ್ಥಾನ ಸಿಗುವುದು ಸಂದೇಹ. ಸಾಮಾನ್ಯ ವರ್ಗಾವಣೆಯೂ ಎಂಜಿನ್ ಬದಲಾವಣೆಯನ್ನು ದಾಖಲಿಸುವ ತನಕ ನಿಲ್ಲುತ್ತದೆ. ಹಳೆಯ ಎಂಜಿನ್ ಕೊಟ್ಟಿಗೆಯ ಮೂಲೆಯಲ್ಲೋ ಅಟ್ಟದ ಮೇಲೋ ತುಕ್ಕು ಹಿಡಿದು ಬಿದ್ದಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಸಂಖ್ಯೆಯನ್ನು ನೋಡಬೇಕು. ಕೆಟ್ಟುಹೋದ ಆ ಕಬ್ಬಿಣದ ಗಡ್ಡೆ ಓಡುತ್ತಿರುವ ಎಂಜಿನ್‌ಗಿಂತ ಹೆಚ್ಚು ಬೆಲೆಬಾಳಬಹುದು.

ಸಂಖ್ಯೆಗಳ ಮೇಲೆ ಹೊಸದಾಗಿ ಅಚ್ಚು ಹೊಡೆಸಿ ಹೊಂದಿಸುವುದಾಗಿ ಹೇಳುವವರು ಸಿಕ್ಕರೆ ಅಲ್ಲಿಂದ ಹೊರಟುಬಿಡುವುದು ಕ್ಷೇಮ, ಅದು ಅಪರಾಧ. ಕೊಳ್ಳುವವರು ಅಕ್ಷರಗಳ ಆಳ ಒಂದೇ ಸಮನಾಗಿದೆಯೇ, ಸುತ್ತಲಿನ ಲೋಹವನ್ನು ಉಜ್ಜಿದ ಗುರುತಿದೆಯೇ ಎಂಬುದನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಬಣ್ಣ ಹೊಳೆಯುತ್ತದೆಯೇ ಎಂಬುದು ಕೊನೆಯ ಮಾತು. ಟ್ಯಾಂಕಿನ ಮೂಲ ಕ್ರೋಮ್ ಮಂಕಾಗಿದ್ದರೂ ಉಳಿದಿದ್ದರೆ ಅದು ಹೊಸ ಲೇಪಕ್ಕಿಂತ ಮೇಲು. ಪೂರ್ತಿ ಮುಚ್ಚಿದ ಚೈನ್ ಕವಚ, ಮೂಲ ಸ್ಪೀಡೋಮೀಟರ್, ಮೂಲ ಕಾರ್ಬ್ಯುರೇಟರ್ ಇವು ಬೆಲೆಯನ್ನು ಏರಿಸುವ ವಸ್ತುಗಳು. ರೋಡ್‌ಕಿಂಗಿನ ವಿಷಯದಲ್ಲಿ ಕೊಳ್ಳುವವರು ಇಷ್ಟು ಬಿಗಿಯಾಗಿರುವುದಿಲ್ಲ. ಅದು 1996ರವರೆಗೆ ತಯಾರಾದದ್ದರಿಂದ ಬಿಡಿಭಾಗಗಳೂ ಹೆಚ್ಚು ಸುಲಭ.

ಆರ್.ಸಿ. ಯಾರ ಹೆಸರಿನಲ್ಲಿದೆ?

ತಂದೆಯ ಹೆಸರಿನಲ್ಲಿರುವ ಗಾಡಿಯನ್ನು ಮಗ ಮಾರುವುದಕ್ಕೆ ಮುಂಚೆ ಅದು ಮಗನ ಹೆಸರಿಗೆ ಬರಬೇಕು. ಮಾಲೀಕ ತೀರಿಕೊಂಡ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆ ಬೇಕು. ಇತರ ವಾರಸುದಾರರ ಒಪ್ಪಿಗೆಯೂ ಇದ್ದರೆ ಮುಂದಿನ ತಕರಾರು ತಪ್ಪುತ್ತದೆ. ಅಂಗಡಿ, ಮನೆ, ಜಮೀನುಗಳ ಖಾತೆ ಬದಲಾಯಿಸಲು ಓಡಾಡುವ ಕುಟುಂಬಗಳು ಕೊಟ್ಟಿಗೆಯ ಗಾಡಿಯನ್ನು ಮರೆಯುವುದೇ ಹೆಚ್ಚು.

ನೋಂದಣಿಯ ಅವಧಿ 15 ವರ್ಷ, ನಂತರ ಐದೈದು ವರ್ಷಗಳ ನವೀಕರಣ. 20 ವರ್ಷ ದಾಟಿದ ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 2,000 ರೂ.ಗೆ ಏರಿಸಲಾಗಿದೆ. ತಡವಾದರೆ ತಿಂಗಳಿಗೆ 300 ರೂ. ಹೆಚ್ಚುವರಿ ಶುಲ್ಕ ವಿಧಿಸಲು ನಿಯಮದಲ್ಲಿ ಅವಕಾಶವಿದೆ. ಹತ್ತು ವರ್ಷ ಮರೆತರೆ ಅದೇ 36,000 ರೂ. ಕೈಬರಹದ ಹಳೆಯ ಆರ್.ಸಿ. ಪುಸ್ತಕಗಳ ವಿವರ ಗಣಕದಲ್ಲಿ ಸೇರಿಲ್ಲದಿದ್ದರೆ ಮೊದಲು ಆರ್.ಟಿ.ಒ. ಕಚೇರಿಯಲ್ಲಿ ಅದನ್ನು ಸೇರಿಸಿಸಬೇಕು. ಬೆಲೆ ಮಾತಾಡುವ ಮುನ್ನ ಈ ಮೊತ್ತಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಕೊಳ್ಳುವವರಿಗೂ ಮಾರುವವರಿಗೂ ಒಳಿತು.

ಇಷ್ಟೆಲ್ಲ ಏಕೆ, ಹಣ ತೆಗೆದುಕೊಂಡು ಗಾಡಿ ಕೊಟ್ಟರಾಯಿತಲ್ಲ ಎಂಬ ಹಿರಿಯ ಮಗನ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಉತ್ತರ ಹೇಳಿದೆ. ವಾಹನ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು; ಅಪಘಾತದ ಪರಿಹಾರದ ಹೊಣೆ ಅವರದೇ. ಬೆಂಗಳೂರಿಗೆ ಹೋದ ಜಾವಾ ಯಾರಿಗಾದರೂ ಬಡಿದು, ಅದಕ್ಕೆ ವಿಮೆ ಇಲ್ಲದಿದ್ದರೆ, ನೋಟೀಸು ತಂದೆಯ ಹೆಸರಿಗೆ ತಗಡೂರಿನ ಅಂಗಡಿಯ ವಿಳಾಸಕ್ಕೇ ಬರುತ್ತದೆ. ತೀರಿಕೊಂಡವರ ಹೆಸರಿನಲ್ಲಿ ನಡೆಯುವ ವ್ಯಾಜ್ಯಕ್ಕೆ ಅವರ ಆಸ್ತಿಯನ್ನು ಪಡೆದ ಮಕ್ಕಳು ಉತ್ತರ ಕೊಡಬೇಕಾದೀತು. 2,25,000 ರೂಪಾಯಿಯ ಆಸೆಗೆ ಮನೆ, ಅಂಗಡಿಗಳನ್ನು ಒತ್ತೆಯಿಟ್ಟಂತಾಗುತ್ತದೆ.

ತೆರಿಗೆಯ ಮಾತು

ವೈಯಕ್ತಿಕ ಬಳಕೆಗೆಂದು ಇಟ್ಟುಕೊಂಡ ಚರ ವಸ್ತುಗಳು 1961ರ ಆದಾಯ ತೆರಿಗೆ ಕಾಯ್ದೆಯ 2(14)ನೇ ಕಲಮಿನಂತೆ ಬಂಡವಾಳ ಆಸ್ತಿಗಳಲ್ಲ. ಒಡವೆ, ಚಿತ್ರಕಲೆ, ಶಿಲ್ಪ, ಪುರಾತತ್ತ್ವ ಸಂಗ್ರಹ ಮುಂತಾದವು ಮಾತ್ರ ಇದಕ್ಕೆ ಅಪವಾದ. ಮೋಟಾರ್ ಸೈಕಲ್ ಆ ಪಟ್ಟಿಯಲ್ಲಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಆದ್ದರಿಂದ ಮನೆಯವರು ಬಳಸುತ್ತಿದ್ದ ಜಾವಾ ಮಾರಿದಾಗ ಬಂದ ಲಾಭಕ್ಕೆ ಸಾಮಾನ್ಯವಾಗಿ ತೆರಿಗೆ ಬರುವುದಿಲ್ಲ. ಇಲ್ಲಿ 'ಬಳಕೆ' ಎಂಬ ಮಾತಿಗೆ ತೂಕವಿದೆ. ಒಂದು ದಿನವೂ ಓಡಿಸದೆ, ಬೆಲೆ ಏರಲೆಂದೇ ಹತ್ತು ಗಾಡಿಗಳನ್ನು ಗೋದಾಮಿನಲ್ಲಿ ತುಂಬಿಟ್ಟು ಮಾರುವವರು ಈ ರಿಯಾಯಿತಿಯನ್ನು ನೆಚ್ಚಿಕೊಳ್ಳಬಾರದು. ಅದು ಹೂಡಿಕೆ ಅಥವಾ ವ್ಯಾಪಾರವೇ ಆಗುತ್ತದೆ.

ವರ್ತಕರು ಎಡವುವುದು ಇನ್ನೊಂದು ಕಡೆ. ಪೆಟ್ರೋಲು, ದುರಸ್ತಿ ವೆಚ್ಚಗಳು ಸಿಗಲೆಂದು ಎಷ್ಟೋ ಮಂದಿ ಗಾಡಿಯನ್ನು ಅಂಗಡಿಯ ಲೆಕ್ಕದಲ್ಲಿ ಸೇರಿಸಿ ವರ್ಷ ವರ್ಷ ಸವಕಳಿ ಪಡೆದಿರುತ್ತಾರೆ. ಆಗ ಅದು ವೈಯಕ್ತಿಕ ವಸ್ತುವಲ್ಲ, ವ್ಯವಹಾರದ ಆಸ್ತಿ. ಸವಕಳಿ ಕಳೆದು ಪುಸ್ತಕದಲ್ಲಿ ಕೆಲವೇ ನೂರು ರೂಪಾಯಿ ಉಳಿದಿರುವ ಗಾಡಿಯನ್ನು ಎರಡು ಲಕ್ಷಕ್ಕೆ ಮಾರಿದರೆ ಆ ಮೊತ್ತ ಆಸ್ತಿ ಸಮೂಹದ ಉಳಿಕೆ ಮೌಲ್ಯದಿಂದ ಕಳೆಯಲ್ಪಡುತ್ತದೆ. ಮಿಕ್ಕಿದ್ದು ಅಲ್ಪಾವಧಿ ಬಂಡವಾಳ ಲಾಭ. ಜಿ.ಎಸ್.ಟಿ. ನೋಂದಣಿ ಇದ್ದವರಿಗೆ ಮಾರಾಟ ಬೆಲೆ ಮತ್ತು ಉಳಿಕೆ ಮೌಲ್ಯಗಳ ವ್ಯತ್ಯಾಸದ ಮೇಲೆ ಶೇ. 18ರ ತೆರಿಗೆಯೂ ಉಂಟು. ಅಂದು ಉಳಿಸಿದ ಕೆಲವು ನೂರು ರೂಪಾಯಿಗಳು ಇಂದು ಬಡ್ಡಿ ಸಮೇತ ಹೋಗುತ್ತವೆ.

ಗಿರಾಕಿ ಎಣಿಸಲಿದ್ದ ನಗದಿಗೂ ತೊಡಕಿದೆ. ಒಬ್ಬರಿಂದ ಒಂದು ವ್ಯವಹಾರಕ್ಕೆ 2,00,000 ರೂ. ಅಥವಾ ಅದಕ್ಕೂ ಹೆಚ್ಚು ನಗದನ್ನು ಸ್ವೀಕರಿಸುವಂತಿಲ್ಲ. 1961ರ ಕಾಯ್ದೆಯ 269ಎಸ್‌ಟಿ ಕಲಂ ಇದನ್ನು ನಿಷೇಧಿಸಿತು, ದಂಡ ಪಡೆದ ಮೊತ್ತದಷ್ಟೇ. ದಂಡ ತೆರಬೇಕಾದವರು ಕೊಟ್ಟವರಲ್ಲ, ತೆಗೆದುಕೊಂಡವರು. ಎರಡು ದಿನ ಬಿಟ್ಟು ಎರಡು ಕಂತಿನಲ್ಲಿ ಪಡೆದರೂ ವ್ಯವಹಾರ ಒಂದೇ. ಹಣ ಬ್ಯಾಂಕಿನ ಮೂಲಕ ಬರಲಿ ಎನ್ನುವುದೇ ಸರಿ.

ಇಟ್ಟುಕೊಂಡರೆ ಎಷ್ಟು?

ಪಿತ್ರಾರ್ಜಿತವಾಗಿ ಬಂದ ಗಾಡಿಗೆ ಖರ್ಚಿಲ್ಲವೆಂದು ಕಿರಿಯ ಮಗ ಹೇಳಬಹುದು. ಲೆಕ್ಕಶಾಸ್ತ್ರ ಒಪ್ಪುವುದಿಲ್ಲ. ಗಿರಾಕಿ ಕೊಡುವುದಾಗಿ ಹೇಳಿದ ಕ್ಷಣದಿಂದ ಆ 2,25,000 ರೂಪಾಯಿಯೇ ಗಾಡಿಯಲ್ಲಿ ತೊಡಗಿರುವ ಬಂಡವಾಳ. ಅದನ್ನು ಬ್ಯಾಂಕಿನಲ್ಲಿ ಶೇ. 7ರ ಚಕ್ರಬಡ್ಡಿಗೆ ಇಟ್ಟರೆ ಹತ್ತು ವರ್ಷಕ್ಕೆ ಸುಮಾರು 4,42,600 ರೂ. ಆಗುತ್ತದೆ. ವಿಮೆ, ಬ್ಯಾಟರಿ, ಟೈರು, ಸಣ್ಣಪುಟ್ಟ ದುರಸ್ತಿಗೆ ವರ್ಷಕ್ಕೆ 6,000 ರೂ. ಎಂದು ಹಿಡಿದರೆ ಅದು ಬಡ್ಡಿಯೊಡನೆ ಸುಮಾರು 82,900 ರೂ. ಒಟ್ಟಿನಲ್ಲಿ ಹತ್ತು ವರ್ಷದ ನಂತರ 5,25,500 ರೂ.ಗೆ ಕಡಿಮೆ ಬೆಲೆ ಸಿಕ್ಕರೆ ನಷ್ಟ. ಬಡ್ಡಿಗೆ ತೆರಿಗೆ ಉಂಟು, ವೈಯಕ್ತಿಕ ವಸ್ತುವಿನ ಲಾಭಕ್ಕಿಲ್ಲ ಎಂಬುದನ್ನು ಪರಿಗಣಿಸಿದರೆ, ಶೇ. 20ರ ದರದವರಿಗೆ ಈ ಮೊತ್ತ 4,65,600 ರೂ.ಗೆ ಇಳಿಯುತ್ತದೆ. ಅಂದರೂ ಬೆಲೆ ದುಪ್ಪಟ್ಟಿಗಿಂತ ಹೆಚ್ಚಬೇಕು.

ರೋಡ್‌ಕಿಂಗನ್ನು 1,20,000 ರೂ.ಗೆ ಕೊಂಡು, ದುರಸ್ತಿಗೆ 80,000 ರೂ. ಹಾಕಿದ್ದರೆ ಅದೇ ಶೇ. 7ರ ಲೆಕ್ಕದಲ್ಲಿ ಹತ್ತು ವರ್ಷದ ಸಮತೋಲ ಬೆಲೆ ಸುಮಾರು 4,76,300 ರೂ. (ಇವೆಲ್ಲ ವಿಧಾನವನ್ನು ತೋರಿಸಲು ಊಹಿಸಿದ ಅಂಕಿಗಳೇ ಹೊರತು ಮಾರುಕಟ್ಟೆಯ ದರಗಳಲ್ಲ.) ಆದರೆ ರೋಡ್‌ಕಿಂಗ್ ಈ ಹತ್ತು ವರ್ಷ ಓಡುತ್ತದೆ, ಮಾಲೀಕನಿಗೆ ಪ್ರತಿ ಭಾನುವಾರ ತನ್ನ ಬಾಡಿಗೆಯನ್ನು ಸಂತೋಷದ ರೂಪದಲ್ಲಿ ಕೊಡುತ್ತದೆ. ಜಾವಾ ಪಾರಂಪರಿಕವಾದರೆ ಆ ಬಾಡಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಹೀಗಾಗಿ ಸವಾರಿಯ ಆಸೆ ಇರುವವರಿಗೆ ರೋಡ್‌ಕಿಂಗ್, ಮೂಲ ಎಂಜಿನ್ ಮತ್ತು ಮೂಲ ಪತ್ರಗಳಿರುವ ಗಾಡಿಯನ್ನು ಕಾದಿಡುವ ತಾಳ್ಮೆ ಇರುವವರಿಗೆ ಜಾವಾ. ಎಂಜಿನ್ ಬದಲಾದ ಜಾವಾವನ್ನು ಪಾರಂಪರಿಕವೆಂದು ತಿಳಿದು ದುಬಾರಿ ಬೆಲೆಗೆ ಕೊಳ್ಳುವುದು ಮಾತ್ರ ಎರಡೂ ಅಲ್ಲ.

ಕಾಪಾಡುವ ವಿಷಯದಲ್ಲಿ ಎರಡಕ್ಕೂ ಒಂದೇ ಮಾತು. ಲೀಟರ್ ಪೆಟ್ರೋಲಿಗೆ ಸುಮಾರು 40 ಮಿಲಿಲೀಟರ್ ಆಯಿಲ್ ಬೆರೆಸುವುದನ್ನು ತಪ್ಪಿಸಬಾರದು. 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20ಕ್ಕೆ ತಲಪಿದೆ. ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರಿಗೂ ಒಗ್ಗುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಮತ್ತು ಕಾರ್ಬ್ಯುರೇಟರ್ ಬರಿದು ಮಾಡುವುದು ಲೇಸು.

ಅಣ್ಣ ತಮ್ಮಂದಿರ ನಡುವೆ ಒಂದು ದಾರಿ ಇದೆ. ತಮ್ಮ ಗಿರಾಕಿಯ ಬೆಲೆಯ ಅರ್ಧವಾದ 1,12,500 ರೂಪಾಯಿಗಳನ್ನು ಬ್ಯಾಂಕಿನ ಮೂಲಕ ಅಣ್ಣನಿಗೆ ಕೊಟ್ಟು, ಅಣ್ಣನ ಒಪ್ಪಿಗೆ ಪತ್ರದೊಡನೆ ನಮೂನೆ 31ರಲ್ಲಿ ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು. ಇತರ ವಾರಸುದಾರರಿದ್ದರೆ, ಅದರಲ್ಲಿಯೂ ತಾಯಿ, ಅಕ್ಕತಂಗಿಯರಿದ್ದರೆ, ಪಾಲು ಆ ಪ್ರಕಾರ ಬದಲಾಗುತ್ತದೆ. ಅವರ ಸಹಿಯೂ ಬೇಕು. ಆಮೇಲೆ ವಿಮೆ. ಐದು ವರ್ಷ ದಾಟಿದ ಮತ್ತು ಉತ್ಪಾದನೆ ನಿಂತ ವಾಹನಗಳ ವಿಮಾ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಪರಸ್ಪರ ಒಪ್ಪಿ ನಿಗದಿಪಡಿಸಬಹುದಾದ್ದರಿಂದ ಫೋಟೋ, ಬಿಲ್ಲು, ಎಂಜಿನ್ ಸಂಖ್ಯೆಯ ವಿವರಗಳನ್ನು ಕಡತದಲ್ಲಿ ಇಟ್ಟುಕೊಳ್ಳಬೇಕು. ಜುಲೈ ತಿಂಗಳ ಎರಡನೇ ಭಾನುವಾರ ಆಚರಿಸಲಾಗುವ ಅಂತಾರಾಷ್ಟ್ರೀಯ ಜಾವಾ ದಿನಕ್ಕೆ ಗಾಡಿಯನ್ನು ಹೊರತೆಗೆಯುವ ಯೋಚನೆ ಇದ್ದರೆ ಈ ಕೆಲಸಗಳು ಜೂನ್‌ನಲ್ಲೇ ಮುಗಿದಿರಲಿ, ಆರ್.ಟಿ.ಒ. ಕಚೇರಿಯ ಗಣಕದಲ್ಲಿ ಹಳೆಯ ಆರ್.ಸಿ. ಪುಸ್ತಕವನ್ನು ಸೇರಿಸಿಸುವುದಕ್ಕೇ ಕೆಲವು ವಾರ ಹಿಡಿಯಬಹುದು.